ನೀರು ಕುಡಿದ ಗೋಡೆ

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಪೇಟೆ ಠಾಣೆಗೆ ಬಂದ ದೂರಿನಲ್ಲಿ ಇದ್ದದ್ದು ಎರಡೇ ಮಾತು. ಕಟ್ಟಡ ಒಡೆಸುವ ಕಂತ್ರಾಟುದಾರ ಹಳೆಯ ಚಿತ್ರಮಂದಿರದ ಗೋಡೆಯಡಿ ಸಿಕ್ಕಿ ಸತ್ತಿದ್ದಾನೆ. ಕೊಂದವನು ಎದುರಿನ ಬೀಗದಂಗಡಿಯ ಅಜ್ಜ. ದೂರು ತಂದವನು ಸತ್ತವನ ಅಳಿಯ. ಗೋಡೆ ಬಿದ್ದು ಸತ್ತವನನ್ನು ಅಜ್ಜ ಕೊಂದದ್ದು ಹೇಗೆ ಎಂದು ಇನ್‌ಸ್ಪೆಕ್ಟರ್ ಕೇಳಿದಳು. ಅದನ್ನು ಕಂಡುಹಿಡಿಯುವುದಕ್ಕೇ ತಾನೆ ನಿಮಗೆ ಸಂಬಳ ಎಂದ ಅಳಿಯ. ಇಂಥ ಮಾತಿಗೆಲ್ಲ ಮುಖ ಕೆಡಿಸಿಕೊಳ್ಳುವ ಚಾಳಿಯನ್ನು ಆಕೆ ಬಿಟ್ಟು ವರ್ಷಗಳಾಗಿದ್ದವು. ಸದ್ಯಕ್ಕೆ ಅಸಹಜ ಸಾವೆಂದು ದಾಖಲಿಸಿ ಜೀಪು ಹತ್ತಿದಳು.

ಊರು ಬೆಳೆಯುತ್ತಿತ್ತು. ನಡುಪೇಟೆಗೆ ಹೊಸ ಜೀವ ತುಂಬುತ್ತೇವೆಂದು ಮೂಲೆಮೂಲೆಗೂ ದೊಡ್ಡ ಫಲಕ ಹಾಕಿದ್ದರು. ಅದರಲ್ಲಿ ಗಾಜಿನ ಗೋಪುರಗಳು, ಅವುಗಳ ಕೆಳಗೆ ಎಂದೂ ಬೆವರದ ಜನ. ಹಳೆಯ ಕಟ್ಟಡಗಳ ಮುಂಭಾಗವನ್ನು ಮಾತ್ರ ಉಳಿಸಿ, ಬಣ್ಣ ಹೊಡೆದು, ಬೆನ್ನಿಗೆ ಇದ್ದದ್ದನ್ನೆಲ್ಲ ಕೆಡವಿ, ಅಲ್ಲಿಂದ ಮೂವತ್ತು ಮಹಡಿ ಎಬ್ಬಿಸುವುದು ಯೋಜನೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಸರ್ಕಾರವೇ ನಕ್ಷೆ ಬರೆಸಿ ಕೊಟ್ಟ ಹಾಗಿತ್ತು. ಇಡೀ ಬೀದಿಯಲ್ಲಿ ಜಾಗ ಬಿಡದೆ ಕೂತಿದ್ದವನು ಬೀಗದಜ್ಜ ಒಬ್ಬನೇ.

ಚಿತ್ರಮಂದಿರದೊಳಗೆ ಇಟ್ಟಿಗೆ ಸರಿಸಿ ಹೆಣ ತೆಗೆಯುವಷ್ಟರಲ್ಲಿ ಬಿಸಿಲೇರಿತು. ಎದೆ ಹಪ್ಪಳವಾಗಿತ್ತು. ಬಾಯಿ ತೆರೆದೇ ಇತ್ತು. ಎರಡು ಕಾಲೂ ಮಂಡಿಯಿಂದ ಕೆಳಗೆ ಬೇರೆ ಯಾರದೋ ಕಾಲುಗಳಂತೆ ತಿರುಗಿಕೊಂಡಿದ್ದವು. ಪಂಚರಾಗಿ ಬಂದಿದ್ದ ಇಬ್ಬರಲ್ಲಿ ಒಬ್ಬ ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದ. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ರೇಡಿಯೊ ಎಂದು ಹೆಸರು, ಏಕೆಂದರೆ ಅವನ ಬಾಯಿಗೆ ಬೀಗವಿರಲಿಲ್ಲ. ಹೊಸ ಬೂಟು ಕೆಸರಾಯಿತೆಂದು ಅವನು ಗೊಣಗುತ್ತಿದ್ದ. ಇನ್‌ಸ್ಪೆಕ್ಟರ್ ಅವನ ಬೂಟು ನೋಡಿದಳು, ಹೆಣದ ಅಂಗಿ ನೋಡಿದಳು. ಅಂಗಿಯ ಮೇಲೆ ಧೂಳಲ್ಲ, ಒಣಗಿದ ಕೆಸರು ಅಂಟಿತ್ತು. ಮಳೆ ಬಿದ್ದು ತಿಂಗಳ ಮೇಲಾಗಿತ್ತು. ಕೊಳವೆ ಒಡೆದಿದೆಯೇ ಎಂದು ನೋಡಿಸಿದರೆ ಆ ಕಟ್ಟಡದ ನೀರಿನ ಸಂಪರ್ಕವನ್ನು ಎಂದೋ ಕಡಿದಿದ್ದರು. ಅಂಗಳದಲ್ಲಿ ಕೆಲಸಗಾರರ ನೀರಿನ ತೊಟ್ಟಿ, ಪಂಪು, ಸುತ್ತಿಟ್ಟ ರಬ್ಬರ್ ಪೈಪು ಇದ್ದವು. ಕೆಸರಿನ ವಿಷಯವನ್ನೂ ಬರೆ ಎಂದಳು.

ಕೆಲಸಗಾರರ ಹೇಳಿಕೆಗಳು ಒಂದೇ ತೆರನಾಗಿದ್ದವು. ಅದು ಮಂಗಳವಾರ ಬೀಳಿಸಬೇಕಿದ್ದ ಗೋಡೆ. ಸೋಮವಾರ ಅದರ ಬುಡ ಕೊರೆದು, ಮರದ ಕಂಬಗಳ ಆಸರೆ ಕೊಟ್ಟು, ಸಂಜೆ ಎಲ್ಲರೂ ಹೊರಟುಹೋದರು. ಯಾರೂ ನೀರು ಹಾಕಲಿಲ್ಲ. ಬುಡ ಕೊರೆದ ಗೋಡೆಗೆ ಹಿಂದಿನ ದಿನವೇ ನೀರು ಹಾಕಿ, ಅದು ನೆನೆದು ಕುಸಿಯಲು ಬಿಡುವಷ್ಟು ದಡ್ಡರು ಇಲ್ಲಿ ಯಾರೂ ಇಲ್ಲ. ಮೇಸ್ತ್ರಿ ಮಾತ್ರ ಹೆಚ್ಚು ಮಾತಾಡಲಿಲ್ಲ. ಕೊನೆಗೆ ಹೊರಟವನು ತಾನೇ ಎಂದ.

ಸಂಜೆ ಶವಪರೀಕ್ಷೆಯ ವೈದ್ಯರು ಫೋನಿನಲ್ಲಿ ವಿಷಯ ತಿಳಿಸಿದರು. ಎರಡು ಮಂಡಿಚಿಪ್ಪೂ ಪುಡಿಯಾಗಿವೆ, ಅದು ಇಟ್ಟಿಗೆಯ ಪೆಟ್ಟಲ್ಲ, ಭಾರದ ಸುತ್ತಿಗೆಯದು. ಗಂಟಲಿನ ಒಳಗೆ ಇಟ್ಟಿಗೆಯ ಕೆಸರಿದೆ. ಗೋಡೆ ಮೈಮೇಲೆ ಬೀಳುವಾಗ ಮನುಷ್ಯ ಉಸಿರಾಡುತ್ತಿದ್ದ. ಅಷ್ಟಾದ ಮೇಲೆ ಕೊಲೆ ಎಂದು ಎಫ್‌ಐಆರ್ ಆಯಿತು.

ಆಗ ಎಲ್ಲರ ಬೆರಳೂ ಅಜ್ಜನ ಕಡೆಗೆ ತಿರುಗಿತು. ಅಂಗಡಿಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಅವನು ಕಂತ್ರಾಟುದಾರನಿಗೆ ನಡುಬೀದಿಯಲ್ಲಿ ಹೇಳಿದ್ದನ್ನು ಊರೆಲ್ಲ ಕೇಳಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಇಷ್ಟು ಸಾಕು. ಇನ್‌ಸ್ಪೆಕ್ಟರ್ ಜೀಪಿನಲ್ಲಿ ಬೀದಿ ತಲುಪುವಷ್ಟರಲ್ಲಿ ಅಳಿಯನ ಕಡೆಯವರು ಅಂಗಡಿಗೆ ಬೆಂಕಿ ಇಟ್ಟಿದ್ದರು. ಅಜ್ಜನ ಬಲಗೈಯನ್ನು ಅವನದೇ ಬೀಗ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು, ಅವನದೇ ಸುತ್ತಿಗೆಯಿಂದ ಜಜ್ಜುತ್ತಿದ್ದರು. ಆಕೆ ಲಾಠಿ ಬೀಸಿ ಇಬ್ಬರನ್ನು ಕೆಡವಿದಳು. ಅಳಿಯನೂ ಉಳಿದವರೂ ಓಡಿದರು. ಅಜ್ಜನನ್ನು ಎತ್ತಿ ಜೀಪಿಗೆ ಹಾಕುವಾಗ ಅವನ ಬೆರಳುಗಳು ಆಕೆಯ ಕೈಗೆ ತಗುಲಿದವು. ಅವುಗಳಲ್ಲಿ ಮೂಳೆ ಇದ್ದಂತೆಯೇ ಅನ್ನಿಸಲಿಲ್ಲ. ನಿಜವಾದ ಕೊಲೆಗಾರ ಬೇಗ ಸಿಗದಿದ್ದರೆ ಈ ಅಜ್ಜ ಆಸ್ಪತ್ರೆಯಿಂದ ಹೊರಗೆ ಬಂದ ದಿನವೇ ಸಾಯುತ್ತಾನೆ ಎಂಬುದು ಆಕೆಗೆ ಸ್ಪಷ್ಟವಿತ್ತು. ಆಸ್ಪತ್ರೆಯ ಕೋಣೆಯ ಬಾಗಿಲಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಹಾಕಿದಳು.

ಬುಧವಾರ ಮಧ್ಯಾಹ್ನ ಅಜ್ಜ ಮಾತಾಡುವಂತಾದ. ಕೈಗೆ ಕುಂಬಳಕಾಯಿ ಗಾತ್ರದ ಪಟ್ಟಿ.

"ಸೋಮವಾರ ಸಂಜೆ ಎಲ್ಲಿದ್ರಿ ಅಜ್ಜ?"

"ಅಂಗಡೀಲೇ ಇದ್ದೆ."

"ಗೋಡೆ ಬಿದ್ದಿದ್ದು ಕೇಳಿಸ್ಲಿಲ್ವಾ?"

"ನಂಗೆ ಕಿವಿ ಮಂದ ಕಣಮ್ಮ. ನೆಲ ಅದುರ್ತು. ಧೂಳು ಬರುತ್ತೆ ಅಂತ ಬಾಗಿಲು ಎಳೆಯೋಕೆ ಎದ್ದೆ. ಧೂಳೇ ಬರ್ಲಿಲ್ಲ. ಓಹೋ, ಮೇಸ್ತ್ರಿ ಬೀಳಿಸ್ತಿದಾನೆ ಅಂದ್ಕೊಂಡು ಮತ್ತೆ ಕೂತೆ."

"ಮೇಸ್ತ್ರಿನೇ ಅಂತ ಹೇಗೆ ಗೊತ್ತಾಯ್ತು?"

"ಬೇರೆಯವರು ಒಣಗೋಡೆ ಕೆಡವ್ತಾರೆ. ನಾವು ಕೆಮ್ಮಿ ಕೆಮ್ಮಿ ಸಾಯ್ಬೇಕು. ಅವನೊಬ್ಬ ಗೋಡೆಗೆ ಹೊಟ್ಟೆ ತುಂಬ ನೀರು ಕುಡಿಸಿ ಕೆಡವೋನು. ಸತ್ತೋನು ತಡ ಆಗುತ್ತೆ ಅಂತ ಬೈದ್ರೂ ಬಿಡ್ಲಿಲ್ಲ. ಒಳ್ಳೆ ಮನುಷ್ಯ." ಅಷ್ಟು ಹೇಳಿ ಅಜ್ಜ ಇನ್‌ಸ್ಪೆಕ್ಟರ್ ಮುಖ ನೋಡಿದ. ತಾನೇನು ಹೇಳಿಬಿಟ್ಟೆ ಎಂಬುದು ಅವನಿಗೆ ಆಗ ಹೊಳೆಯಿತು. "ಅಯ್ಯೋ, ಅದನ್ನ ಬರ್ಕೋಬೇಡಮ್ಮ," ಎಂದ.

ಆಕೆ ಬರೆದುಕೊಂಡಳು. ಕೊಲ್ಲಲು ಬಂದವನು ಗೋಡೆಗೆ ನೀರು ಹೊಡೆಯುತ್ತ ನಿಲ್ಲುವುದಿಲ್ಲ. ಅಪಘಾತವೆಂದು ತೋರಿಸಬೇಕಾದವನಂತೂ ನೀರನ್ನು ಮುಟ್ಟುವುದೇ ಇಲ್ಲ. ಯೋಚನೆ ಮಾಡಿ ಮಾಡಿದ್ದಲ್ಲ ಅದು. ಎದುರಿಗೆ ಒಬ್ಬ ಅಜ್ಜ ಕೂತಿದ್ದಾನೆ, ಅವನ ಮೂಗಿಗೆ ಧೂಳು ಹೋಗಬಾರದು ಎಂದು ಕೈ ತನ್ನಷ್ಟಕ್ಕೆ ಮಾಡಿದ ಕೆಲಸ.

ಮೇಸ್ತ್ರಿ ಆ ದಿನ ಚಿತ್ರಮಂದಿರದ ಪಕ್ಕದ ಹಳೆಯ ಬ್ಯಾಂಕ್ ಕಟ್ಟಡದ ಎರಡನೇ ಮಹಡಿಯಲ್ಲಿ ಕೆಲಸ ಮಾಡಿಸುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ಕೇಳಿದ ಮೊದಲ ಮಾತು, "ಅಜ್ಜನ ಕೈ ಹೇಗಿದೆ ಮೇಡಂ?"

ಇನ್ನು ಆ ಕೈ ಬೀಗ ಹಿಡಿಯುವುದಿಲ್ಲ ಎಂದು ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ತಲೆ ತಗ್ಗಿಸಿ, ಸೊಂಟದ ಪಟ್ಟಿಯಲ್ಲಿದ್ದ ಸುತ್ತಿಗೆಯನ್ನು ಬಿಚ್ಚಿ ನೆಲಕ್ಕಿಟ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗದ್ದಲವಾಯಿತು. ಬರುವಾಗ ದಾರಿಯಲ್ಲಿ ರೇಡಿಯೊ ಯಾರಿಗೋ ಸುದ್ದಿ ಪ್ರಸಾರ ಮಾಡಿದ್ದ. ಅಳಿಯ ಕಬ್ಬಿಣದ ಸರಳು ಹಿಡಿದು ನುಗ್ಗಿ ಬಂದು ಮೇಸ್ತ್ರಿಯ ನೆತ್ತಿಗೆ ಬಾರಿಸಿದ. ಮುಖದ ತುಂಬ ರಕ್ತ ಇಳಿಯಿತು. ಎರಡನೇ ಪೆಟ್ಟಿಗೆ ಮೇಸ್ತ್ರಿ ಸರಳನ್ನು ಹಿಡಿದು ಕಿತ್ತೆಸೆದು, ಅಳಿಯನ ಕುತ್ತಿಗೆಗೆ ಕೈ ಹಾಕಿ, ಗೋಡೆಯಿಲ್ಲದ ಅಂಚಿನವರೆಗೂ ತಳ್ಳಿಕೊಂಡು ಹೋದ. ಅಳಿಯನ ಹಿಮ್ಮಡಿಗಳು ಆಗಲೇ ಗಾಳಿಯಲ್ಲಿದ್ದವು. ಇನ್‌ಸ್ಪೆಕ್ಟರ್ ಒಂದು ಗುಂಡು ಮೇಲಕ್ಕೆ ಹಾರಿಸಿದಳು. ಅವನು ತಿರುಗಿಯೂ ನೋಡಲಿಲ್ಲ.

"ಕೆಳಗೆ ಜನ ಇದಾರೆ ಮೇಸ್ತ್ರಿ," ಎಂದಳು ಆಕೆ.

ಅವನು ಬಗ್ಗಿ ನೋಡಿದ. ಕೆಳಗೆ ಅವನದೇ ಕೆಲಸಗಾರರು ಮುಖ ಮೇಲೆತ್ತಿ ನಿಂತಿದ್ದರು. ಅಳಿಯನನ್ನು ಒಳಕ್ಕೆ ಎಳೆದು ನೆಲಕ್ಕೆ ಕುಕ್ಕಿ, ಎರಡು ಕೈಯನ್ನೂ ಮುಂದೆ ಚಾಚಿದ. ರೇಡಿಯೊ ಅವನಿಗೆ ಕೋಳ ಹಾಕಿದ. ಇನ್ನೊಂದು ಜೊತೆ ಕೋಳ ಅಳಿಯನಿಗೆ ಬಿತ್ತು, ಅಜ್ಜನ ಕೈಯ ಲೆಕ್ಕಕ್ಕೆ.

ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದು ಮೇಸ್ತ್ರಿ ಠಾಣೆಯಲ್ಲಿ ಹೇಳಿಕೆ ಕೊಟ್ಟ. ಅವನಿಗೊಬ್ಬ ತಮ್ಮನಿದ್ದ. ತಾಯಿ ಸತ್ತ ಮೇಲೆ ಅವನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅದೇ ಗುಂಪಿನಲ್ಲಿ ಕೆಲಸಕ್ಕಿದ್ದ. ಬೇಸಿಗೆಯಲ್ಲಿ ಮೂಲೆಯ ಹಳೆಯ ವಸತಿಗೃಹವನ್ನು ಕೆಡವುವಾಗ ಕೋರ್ಟಿನ ತಡೆಯಾಜ್ಞೆ ಬರುತ್ತದೆಂದು ಕಂತ್ರಾಟುದಾರನಿಗೆ ಸುಳಿವು ಸಿಕ್ಕಿತ್ತು. ಯಾವ ಕಟ್ಟಡವಾದರೂ ಸರಿ, ಬೀಳಿಸುವ ಮೊದಲು ಮೇಸ್ತ್ರಿ ಪ್ರತಿ ಮಹಡಿಗೂ ಹೋಗಿ, ಒಳಗೆ ಯಾರಾದರೂ ಇದ್ದೀರಾ ಎಂದು ಮೂರು ಸಲ ಕೂಗುತ್ತಿದ್ದ. ಅಂದು ಅವನನ್ನು ಡೀಸೆಲ್ ತರಲು ಕಳಿಸಿ, ಕೂಗಿಸದೆಯೇ ಕಂತ್ರಾಟುದಾರ ಯಂತ್ರ ನುಗ್ಗಿಸಿದ. ಜ್ವರ ಬಂದ ತಮ್ಮ ಮೇಲಿನ ಕೋಣೆಯಲ್ಲಿ ಮಲಗಿದ್ದ. ಅವನನ್ನು ಇಟ್ಟಿಗೆಯೊಳಗಿಂದ ತೆಗೆದವನು ಅಣ್ಣನೇ. ರಸ್ತೆ ಅಪಘಾತದಂತೆ ಕಾಣಲೆಂದು ಕಂತ್ರಾಟುದಾರನ ಕಡೆಯವರು ಹೆಣವನ್ನು ಲಾರಿಯಲ್ಲಿ ಒಯ್ದು ಹೆದ್ದಾರಿಯ ಬದಿಗೆ ಹಾಕಿಸಿದರು. ಬಾಯಿ ಬಿಟ್ಟರೆ ಜೈಲಿಗೆ ಹೋಗುವವನು ನೀನೇ, ತಮ್ಮನ ಹೆಂಡತಿ ಮಗು ಬೀದಿಗೆ ಬೀಳುತ್ತಾರೆ ಎಂದರು. ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದ.

ಸೋಮವಾರ ಸಂಜೆ ಗೋಡೆ ನೋಡಲು ಬಂದ ಕಂತ್ರಾಟುದಾರ, ನಾಳೆ ಕೂಗಾಟವೆಲ್ಲ ಬೇಡ, ಒಳಗೆ ಇಲಿ ಬಿಟ್ಟರೆ ಇನ್ಯಾರಿರುತ್ತಾರೆ ಎಂದು ನಕ್ಕನಂತೆ.

"ಓಡಬಾರ್ದು ಅಂತ ಮಂಡಿ ಮುರಿದೆ," ಎಂದ ಮೇಸ್ತ್ರಿ. "ಗೋಡೆಗೆ ನೀರು ಹಾಕಿದೆ. ಆಮೇಲೆ ಕೂಗಿದೆ, ಒಳಗೆ ಯಾರಾದ್ರೂ ಇದ್ದೀರಾ ಅಂತ. ಮೂರು ಸಲ."

"ಅವನು?"

"ಮೂರು ಸಲಾನೂ ಇದ್ದೀನಿ ಅಂದ. ನನ್ನ ತಮ್ಮನ್ನ ಯಾರೂ ಒಂದು ಸಲಾನೂ ಕೇಳ್ಲಿಲ್ಲ ಮೇಡಂ."

ರೇಡಿಯೊ ಪೆನ್ನು ಕೆಳಗಿಟ್ಟ. ಇನ್‌ಸ್ಪೆಕ್ಟರ್‌ಗೆ ಮೇಸ್ತ್ರಿಯ ಮೇಲೆ ಕನಿಕರ ಉಕ್ಕಿತು. ಅದರ ಬೆನ್ನಿಗೇ, ಮುರಿದ ಮಂಡಿಯಲ್ಲಿ ಬಿದ್ದುಕೊಂಡು ಇದ್ದೀನಿ ಎಂದವನ ದನಿಯೂ ಕೇಳಿಸಿದಂತಾಯಿತು. ಆಕೆ ಪೆನ್ನನ್ನು ಎತ್ತಿ ರೇಡಿಯೊನ ಕೈಗೆ ಕೊಟ್ಟು, ಮೇಸ್ತ್ರಿ ಹೇಳಿದ ಹಾಗೆಯೇ ಬರೆಯಬೇಕು, ಒಂದು ಅಕ್ಷರವೂ ಬಿಡಬಾರದು ಎಂದಳು.