ಆದಪ್ಪಗ ಕರಿ

ನಂಬದಿದ್ರ ಬಿಡ್ರಿ, ನನಗೇನೂ ಆಗಬೇಕಾಗಿಲ್ಲ. ಸಿಂಧನೂರಿನ ಒಂದು ಅಕ್ಕಿ ಮಿಲ್ಲಿಗೆ ಲಿಸ್ಪ್ ಅನ್ನೋ ಕಂಪ್ಯೂಟರ್ ಭಾಷಾದಾಗ ಪ್ರೋಗ್ರಾಂ ಬರೆದಾಕಿ ನಾನು. ಅದರಾಗೊಂದು ಪಟ್ಟಿ ಐತಿ. ಎಡಕ್ಕ ಹೆಸರು, ಬಲಕ್ಕ ಕೆಲಸ. ಹೆಸರು ಟೈಪ್ ಮಾಡೋದಕ್ಕ ನಾವು ಕರಿಯೋದು ಅಂತೀವಿ. ಕರೆಯೋತನಕ ಕೆಲಸ ಸುಮ್ನ ಕುಂತಿರ್ತೈತಿ. ಭತ್ತ ಮ್ಯಾಲೆತ್ತೋ ಎಲಿವೇಟರ್ ಚಾಲೂ ಮಾಡೋ ಕೆಲಸಕ್ಕ, ಅದನ್ನ ನೋಡಿಕೊಳ್ಳೋ ಆದಪ್ಪನ ಹೆಸರ ಬರೆದಿದ್ದೆ.

"ನನ್ನ ಹೆಸರು ತಗಿಬೇ, ನಾ ಏನು ಮಷೀನಾ?" ಅಂತ ಆದಪ್ಪ ಸಿಟ್ಟಾಗಿದ್ದ. ನಾ ತಗೀಲಿಲ್ಲ.

ಒಂದಿನ ಮಧ್ಯಾಹ್ನ ಸಾಹುಕಾರ ಕರಿಬಸಯ್ಯ ಬಾಗಲಾಗ ನಿಂತು, "ಶಿವಕುಮಾರಿ, ಆದಪ್ಪಗ ಕರಿ" ಅಂದ್ರು. ನಾ ಟೈಪ್ ಮಾಡಿದೆ. ಅವರು ಊಟಕ್ಕ ಕರಿ ಅಂದಿದ್ರು. ಆದಪ್ಪ ಎಲಿವೇಟರಿನ ಪಟ್ಟಾದಾಗ ಸಿಕ್ಕ ಚೀಲ ಜಗ್ಗಾಕತ್ತಿದ್ದ. ಎಲಿವೇಟರ್ ತಿರುಗಿತು, ಅಲ್ಲೇ ಸತ್ತ.

ಅವನ್ನ ಮಣ್ಣು ಮಾಡಿ ಬಂದು ಆ ಸಾಲು ಅಳಿಸಿದೆ. ಕೀಬೋರ್ಡ್ ನೆನೆಹಾಕಿದ ಭತ್ತದಂಗ ತಣ್ಣಗಿತ್ತು, ಗುಂಡಿಗಳ ಸಂದ್ಯಾಗ ತೌಡು ತುಂಬಿತ್ತು. ಮರುದಿನ ಪಟ್ಟಿ ತೆಗೆದ್ರ ಆ ಕೆಲಸ ಅಲ್ಲೇ ಕುಂತಿತ್ತು. ಎಡಕ್ಕ ನನ್ನ ಹೆಸರಿತ್ತು.

ಮೂರು ಸಲ ಅಳಿಸೀನಿ. ಈಗೂ ಮಿಲ್ಲಿನ್ಯಾಗ ಯಾರರ "ಶಿವಕುಮಾರಿ" ಅಂತ ಕೂಗಿದ್ರ ಎಲಿವೇಟರ್ ತಿರುಗ್ತೈತಿ. ಆ ಕಂಪ್ಯೂಟರಿಗೆ ಮೈಕಿಲ್ಲ.