ಹನ್ನೊಂದು ನೋಟ್‌ಬುಕ್ಕು, ಒಂದೇ ಉತ್ತರ

"ಲೇಖಕರು ಮಾಡಿದ ಪೆಟ್ಟಿಗೆ ಬಹಳ ಭದ್ರವಾಗಿತ್ತು. ನಾವೂ ಅವರಂತೆ ಭದ್ರವಾಗಿ ಕೆಲಸ ಮಾಡಬೇಕು."

ಮೇಷ್ಟ್ರು ಗಟ್ಟಿಯಾಗಿ ಓದಿ, ನೋಟ್‌ಬುಕ್ಕನ್ನು ಮೇಜಿನ ಎಡಕ್ಕಿಟ್ಟರು. ಇನ್ನೊಂದನ್ನು ತೆಗೆದರು.

"ಲೇಖಕರು ಮಾಡಿದ ಪೆಟ್ಟಿಗೆ ಬಹಳ ಭದ್ರವಾಗಿತ್ತು... ಓಹೋ, ಇಲ್ಲೂ ಅದೇ ಪೆಟ್ಟಿಗೆ."

ಒಂದರ ಮೇಲೊಂದು ಹನ್ನೊಂದು ನೋಟ್‌ಬುಕ್ಕು ಸೇರಿದವು. ಹನ್ನೊಂದನೆಯದರಲ್ಲಿ ಮಾತ್ರ ಪೆಟ್ಟಿಗೆ ‘ಬದ್ರವಾಗಿತ್ತು’. ಅದು ಕೊನೆಯ ಬೆಂಚಿನ ರಬ್ಬರ್‌ನ ನೋಟ್‌ಬುಕ್ಕು. ಒಂದು ಸಾಲು ಬರೆದು ನಾಲ್ಕು ಸಾಲು ಅಳಿಸುತ್ತಿದ್ದ ಅವನಿಗೆ ಆ ಹೆಸರು ತಾನಾಗಿಯೇ ಬಂದಿತ್ತು.

"ಈ ಹೊಳೆ ಹುಟ್ಟಿದ್ದು ಎಲ್ಲಿ?" ಎಂದು ಮೇಷ್ಟ್ರು ಕೇಳಿದರು.

ಎಲ್ಲರ ತಲೆಯೂ ಎರಡನೆಯ ಬೆಂಚಿನ ಕಡೆ ತಿರುಗಿತು. ಅಲ್ಲಿ ಕೂತಿದ್ದಳು ಸಾರಾಂಶ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ನೆನಪಿತ್ತು. ಹತ್ತು ಪುಟದ ಕತೆ ಇರಲಿ, ದೊಡ್ಡವರ ಭಾಷಣ ಇರಲಿ, ಅವಳ ಕೈಗೆ ಸಿಕ್ಕರೆ ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿ ಮೂರೇ ಸಾಲು ಮಾಡಿಬಿಡುತ್ತಿದ್ದಳು. ಕೊನೆಯ ಸಾಲು ಯಾವಾಗಲೂ ‘ನಾವೂ ಅವರಂತೆ’ ಎಂದೇ ಶುರುವಾಗುತ್ತಿತ್ತು. ಧೈರ್ಯದ ಭಾಷಣ ಬಂದರೆ ನಾವೂ ಅವರಂತೆ ಧೈರ್ಯವಾಗಿರಬೇಕು. ಕುದುರೆಯ ಕತೆ ಬಂದರೆ ನಾವೂ ಅದರಂತೆ ಓಡಬೇಕು. ಪರೀಕ್ಷೆಯ ಹಿಂದಿನ ದಿನ ಅವಳ ಬೆಂಚಿನ ಹತ್ತಿರ ಕ್ಯೂ ನಿಲ್ಲುತ್ತಿತ್ತು.

"ನೀನು ಪಾಠ ಓದಿದೀಯೇನಮ್ಮ?"

"ಓದಿದೀನಿ ಸರ್. ಎರಡು ಸಲ."

"ಎರಡು ಸಲ!" ಮೇಷ್ಟ್ರ ಮೀಸೆ ಯಾಕೋ ಸ್ವಲ್ಪ ಅಲುಗಿತು. "ಹಾಗಾದ್ರೆ ಸೋಮವಾರ ಈ ಪಾಠಾನ ನೀನೇ ಮಾಡು. ನಾನು ನಿನ್ನ ಜಾಗದಲ್ಲಿ ಕೂತ್ಕೊಂಡು ಕೇಳ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಇದರಲ್ಲೇನೋ ಇದೆ ಎಂದು ಹೆದರುತ್ತಿದ್ದರು. ಸಾರಾಂಶಳಿಗೆ ಮಾತ್ರ ತಲೆಯ ಮೇಲೆ ಎರಡು ಕೋಡು ಮೂಡಿದವು.

ಅಮ್ಮ ಜೆರಾಕ್ಸ್ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಸುದ್ದಿ ಮುಟ್ಟಿತು.

"ಅಮ್ಮಾ, ಸೋಮವಾರ ಮೇಷ್ಟ್ರು ನನಗೆ ಕ್ಲಾಸ್ ಬಿಟ್ಕೊಟ್ಟಿದಾರೆ!"

"ಯಾಕೆ, ಅವರಿಗೆ ಹುಷಾರಿಲ್ವಾ?"

"ಛೇ! ನಾನು ಪಾಠ ಅಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದೀನಿ ಅಂತ."

"ಸರಿ, ದೊಡ್ಡ ಮೇಡಂ," ಎಂದಳು ಅಮ್ಮ. "ನಾಳೆ ಮಧ್ಯಾಹ್ನ ಅಜ್ಜನ ಹತ್ರ ಕೂತಿರು. ನನಗೆ ಅಂಗಡಿ ಬಿಡೋಕಾಗಲ್ಲ. ಅಲ್ಲೇ ಪ್ರಾಕ್ಟೀಸ್ ಮಾಡು. ಆದ್ರೆ ಆಸ್ಪತ್ರೆ ಅದು, ಗಲಾಟೆ ಮಾಡ್ಬೇಡ."

ಅಜ್ಜನಿಗೆ ಹರ್ನಿಯಾ ಆಪರೇಷನ್ ಆಗಿ ಮೂರು ದಿನವಾಗಿತ್ತು. ಅಜ್ಜ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನು. ಒಂದು ಮಂಚವನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ತರುತ್ತಿದ್ದವನು. "ಇನ್ನು ಮೂರು ತಿಂಗಳು ಒಂದು ಬಕೆಟ್ ನೀರೂ ಎತ್ತೋ ಹಾಗಿಲ್ಲ" ಎಂದು ಡಾಕ್ಟರು ಹೇಳಿದ್ದೇ ತಡ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಬ್ರೆಡ್ಡು ಕೊಟ್ಟರೆ ಬೇಡ, ಹಾಲು ಕೊಟ್ಟರೆ ಬೇಡ. ಮಾತಾಡಿಸಿದರೆ "ಹೂಂ", ಇಲ್ಲವೇ "ಊಹೂಂ".

ಸಾರಾಂಶ ವಾರ್ಡಿಗೆ ಹೋದಾಗಲೂ ಅಜ್ಜ ಗೋಡೆಯನ್ನೇ ನೋಡುತ್ತಿದ್ದ. ಈ ಕಡೆಯ ಮಂಚದಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಬಸ್ ಡ್ರೈವರ್ ಇದ್ದ. ಅದರಾಚೆಯದರಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಪೋಸ್ಟ್‌ಮ್ಯಾನ್.

"ಅಜ್ಜ, ನಿನ್ನ ಕೆಲಸದ ಬಗ್ಗೆನೇ ಒಂದು ಪಾಠ ಇದೆ. ಓದ್ತೀನಿ, ಕೇಳು."

"ಹೂಂ."

ಅವಳು ಮಂಚದ ಕಾಲಿನ ಕಡೆ ನೆಟ್ಟಗೆ ನಿಂತಳು. ಒಮ್ಮೆ ಕೆಮ್ಮಿದಳು. ಭಾಷಣಗಳಿಗೆಂದೇ ಇಟ್ಟುಕೊಂಡಿದ್ದ ದಪ್ಪ ದನಿಯನ್ನು ಹೊರಗೆ ತೆಗೆದಳು.

"ನನ್ನ ಬಡಗಿತನ. ನಮ್ಮ ಊರಿನಲ್ಲಿ ನನ್ನಷ್ಟು ದೊಡ್ಡ ಬಡಗಿ ಇನ್ನೊಬ್ಬನಿಲ್ಲ. ನನ್ನ ತೂಕವೇ ಇದಕ್ಕೆ ಸಾಕ್ಷಿ."

ಅಜ್ಜನ ತಲೆ ದಿಂಬಿನ ಮೇಲೆ ಸ್ವಲ್ಪ ಈ ಕಡೆ ಹೊರಳಿತು.

"ತೂಕ ಅಂದ್ರೆ ಇಲ್ಲಿ ಘನತೆ, ಅಜ್ಜ," ಎಂದು ಅವಳು ಬಿಡಿಸಿ ಹೇಳಿದಳು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಹಾಗೇ ಬರೆದುಕೊಂಡಿದ್ದಳು. ಮತ್ತೆ ದಪ್ಪ ದನಿ: "ಅಳತೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಯಾವ ಹಲಗೆಯನ್ನೂ ಎರಡು ಸಲ ಅಳೆಯದೆ ಕೊಯ್ಯುವುದಿಲ್ಲ. ಎರಡು ಸಲವೂ ಬೇರೆ ಬೇರೆ ಲೆಕ್ಕ ಬರುತ್ತದೆ. ಜಗಳ ಬೇಡವೆಂದು ಎರಡನ್ನೂ ಕೂಡಿಸಿ ಅರ್ಧ ಮಾಡುತ್ತೇನೆ."

ಅಜ್ಜನ ಗಂಟಲಿನಿಂದ ಎಂಥದೋ ಸದ್ದು ಬಂತು. ಕೆಮ್ಮು ಎಂದುಕೊಂಡು ಅವಳು ಮುಂದುವರಿಸಿದಳು.

"ನಾನು ಮಾಡಿದ ಪೆಟ್ಟಿಗೆಯಷ್ಟು ಭದ್ರವಾದ ಪೆಟ್ಟಿಗೆ ಲೋಕದಲ್ಲೇ ಇಲ್ಲ. ಮುಚ್ಚಳಕ್ಕೆ ನಲವತ್ತು ಮೊಳೆ ಹೊಡೆದಿದ್ದೇನೆ. ಇಪ್ಪತ್ತು ವರ್ಷದಿಂದ ಅದನ್ನು ಯಾವ ಕಳ್ಳನೂ ತೆರೆದಿಲ್ಲ. ನಾನೂ ತೆರೆದಿಲ್ಲ. ಮೊಳೆ ಕೀಳುವ ಇಕ್ಕಳ ಅದರೊಳಗೇ ಇದೆ."

"ಅಯ್ಯಯ್ಯೋ!" ಅಜ್ಜ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ. "ನಿಲ್ಸೇ! ನಿಲ್ಸೇ ಪುಟ್ಟಿ, ಹೊಲಿಗೆ ಬಿಚ್ಕೊಳುತ್ತೆ!"

ಪಕ್ಕದಲ್ಲಿ ಡ್ರೈವರ್ ಕೂಡ ಹೊಟ್ಟೆ ಹಿಡಿದುಕೊಂಡು, "ಅಮ್ಮಾ, ಹಹ್ಹ, ಅಮ್ಮಾ" ಎಂದು ನಗುತ್ತಲೇ ನರಳುತ್ತಿದ್ದ. ಪೋಸ್ಟ್‌ಮ್ಯಾನ್ ಮಾತ್ರ, "ನಂದು ಕಾಲಪ್ಪ, ನಾನು ಆರಾಮಾಗಿ ನಗ್ತೀನಿ" ಎಂದು ಮಂಚ ಕುಟ್ಟಿದ.

ನರ್ಸ್ ಓಡಿ ಬಂದಳು. "ಏನ್ರೀ ಇದು? ನಗಬೇಡಿ ಅಂತ ಎಷ್ಟು ಸಲ ಹೇಳೋದು! ನಗಲೇಬೇಕು ಅಂದ್ರೆ ದಿಂಬು ಹೊಟ್ಟೆಗೆ ಅವಚಿಕೊಂಡು ನಗಿ." ಇಬ್ಬರಿಗೂ ಒಂದೊಂದು ದಿಂಬು ಎಸೆದು ಹೋದಳು.

ಸಾರಾಂಶಳ ಮೂಗು ಕೆಂಪಾಗಿತ್ತು. "ನನ್ನ ಓದು ಅಷ್ಟು ಕೆಟ್ಟದಾಗಿದ್ರೆ ಹೇಳ್ಬೇಕು. ಹೀಗೆ ನಗೋದಲ್ಲ," ಎಂದು ಪುಸ್ತಕ ಪಟ್ಟನೆ ಮುಚ್ಚಿದಳು.

"ನಿನ್ನ ನೋಡಿ ಅಲ್ವೇ," ಅಜ್ಜ ಕಣ್ಣೊರೆಸಿಕೊಂಡ. "ಆ ಬಡಗಿ ಮಹಾಶಯನ್ನ ನೋಡಿ."

"ಮಹಾಶಯ ಅಲ್ಲ ಅಜ್ಜ, ಲೇಖಕರು. ಇದು ಪಾಠ. ಪಾಠಕ್ಕೆ ನಗಬಾರದು."

"ಅವರೇ ನಗಿ ಅಂತ ಬರೆದಿದಾರಲ್ಲೇ!"

"ಎಲ್ಲಿ? ತೋರಿಸು." ಅವಳು ಪುಸ್ತಕ ತೆರೆದು ಪಾಠದ ಕೊನೆಯ ‘ಪದಗಳ ಅರ್ಥ’ವನ್ನೆಲ್ಲ ಹುಡುಕಿದಳು. ಇಕ್ಕಳ, ಹಲಗೆ, ಘಟಿಂಗ ಎಲ್ಲ ಇದ್ದವು. ನಗಿ ಎಂದು ಎಲ್ಲೂ ಇರಲಿಲ್ಲ.

ಅಜ್ಜ ದಿಂಬನ್ನು ಭದ್ರವಾಗಿ ಹಿಡಿದುಕೊಂಡೇ ಕೇಳಿದ: "ಪೆಟ್ಟಿಗೆ ತೆಗೆಯೋಕೆ ಏನು ಬೇಕು?"

"ಇಕ್ಕಳ."

"ಇಕ್ಕಳ ಎಲ್ಲಿದೆ?"

"ಪೆಟ್ಟಿಗೆ ಒಳಗೆ. ಅದನ್ನ ತಗೋಬೇಕು ಅಂದ್ರೆ ಪೆಟ್ಟಿಗೆ..."

ಅವಳು ಅಲ್ಲೇ ನಿಂತಳು. ನಲವತ್ತು ಮೊಳೆ ಹೊಡೆದ ಪೆಟ್ಟಿಗೆ ಕಣ್ಣ ಮುಂದೆ ಬಂತು. ಅದರ ಎದುರು ಕೈಯಲ್ಲಿ ಸುತ್ತಿಗೆ ಹಿಡಿದು, ಇಕ್ಕಳಕ್ಕಾಗಿ ಜೇಬು ತಡಕಾಡುತ್ತಿರುವ ಒಬ್ಬ ದಪ್ಪನೆಯ ಮನುಷ್ಯ ಬಂದ. ತೂಕ! ತೂಕ ಅಂದರೆ ಮೈತೂಕವೇ! ಘನತೆಯೂ ಇಲ್ಲ, ಗಿನತೆಯೂ ಇಲ್ಲ!

ಹೊಟ್ಟೆಯಿಂದ ಏನೋ ಗುಳುಗುಳು ಎಂದು ಮೇಲೆ ಬಂತು. ಅವಳು ಮಂಚದ ಅಂಚಿಗೆ ಕುಸಿದು ನಕ್ಕಳು. ಅವಳಿಗೆ ಹೊಲಿಗೆ ಇರಲಿಲ್ಲ, ಹಾಗಾಗಿ ಎಷ್ಟು ಬೇಕೋ ಅಷ್ಟು ನಕ್ಕಳು.

"ನಾನೂ ಒಂದು ಸಲ ಹೀಗೇ," ಎಂದ ಅಜ್ಜ. ಮೂರು ದಿನದಲ್ಲಿ ಅವನು ತಾನಾಗಿ ಮಾತು ತೆಗೆದದ್ದು ಅದೇ ಮೊದಲು. "ಒಬ್ಬರಿಗೆ ಬೀರು ಮಾಡ್ತಿದ್ದೆ. ಮೂರು ವಾರದ ಕೆಲಸ. ಪಾಲಿಶ್ ಹಾಕಿ ಕನ್ನಡಿ ಥರ ಮಾಡಿದ್ದೆ. ಹೊರಗೆ ತರೋಕೆ ಹೋದ್ರೆ ನನ್ನ ವರ್ಕ್‌ಶಾಪಿನ ಬಾಗಿಲಲ್ಲೇ ಹಿಡಿಸ್ಲಿಲ್ಲ. ಎಲ್ಲಾ ಅಳೆದಿದ್ದೆ. ಬಾಗಿಲು ಅಳೆದಿರ್ಲಿಲ್ಲ."

"ಆಮೇಲೆ?" ಡ್ರೈವರ್ ಮೊಣಕೈ ಊರಿ ಎದ್ದ.

"ಬಾಗಿಲ ಚೌಕಟ್ಟೇ ಕಿತ್ತೆ. ಯಾಕೆ ಅಂತ ಕೇಳಿದೋರಿಗೆಲ್ಲ ಗೆದ್ದಲು ಹಿಡಿದಿತ್ತು ಅಂದೆ. ನಿಮ್ಮಜ್ಜಿಗೂ ಅದನ್ನೇ ಹೇಳಿದ್ದೆ ಕಣೇ. ಮೂವತ್ತು ವರ್ಷ ಆಯ್ತು."

ಡ್ರೈವರ್ ದಿಂಬು ಅವಚಿಕೊಂಡು, ತಾನು ಒಮ್ಮೆ ಟೀ ಕುಡಿದು ಬಂದವನು ಪ್ರಯಾಣಿಕರನ್ನೆಲ್ಲ ಹೋಟೆಲಿನಲ್ಲೇ ಬಿಟ್ಟು ಖಾಲಿ ಬಸ್ಸನ್ನು ಎಂಟು ಮೈಲಿ ಓಡಿಸಿದ್ದನ್ನು ಹೇಳಿದ. ಅಜ್ಜ ಅದನ್ನು ಕೇಳುತ್ತಾ ಕೇಳುತ್ತಾ ಒಂದು ಲೋಟ ಹಾಲು ಕುಡಿದು, ಬ್ರೆಡ್ಡನ್ನೂ ಮುಗಿಸಿದ.

ಆದರೆ ಸಾರಾಂಶಳ ನಗು ನಡುವೆಯೇ ನಿಂತುಹೋಗಿತ್ತು. ಹನ್ನೊಂದು ನೋಟ್‌ಬುಕ್ಕುಗಳು ನೆನಪಾಗಿದ್ದವು. ಅಲುಗಿದ ಮೀಸೆಯೂ ನೆನಪಾಗಿತ್ತು. ತಲೆಯ ಮೇಲಿನ ಕೋಡು ಎರಡೂ ಒಂದೇ ಸಲ ಬಿದ್ದುಹೋದವು.

"ಅಜ್ಜ, ನಂಗೂ ಒಂದು ಆಪರೇಷನ್ ಮಾಡ್ಸು."

"ಯಾವುದೇ?"

"ಯಾವುದಾದ್ರೂ ಪರವಾಗಿಲ್ಲ. ಸೋಮವಾರದೊಳಗೆ ಆಗ್ಬೇಕು."

"ಅಪೆಂಡಿಕ್ಸ್ ಮಾಡಿಸ್ಕೋ ಪುಟ್ಟಿ," ಎಂದ ಡ್ರೈವರ್. "ಒಂದು ವಾರ ರಜಾ ಗ್ಯಾರಂಟಿ."

ಸೋಮವಾರ ಯಾವ ಆಪರೇಷನ್ನೂ ಇಲ್ಲದೆ ಬಂದುಬಿಟ್ಟಿತು.

ಮೇಷ್ಟ್ರು ಹೇಳಿದ ಹಾಗೆಯೇ ಎರಡನೆಯ ಬೆಂಚಿನಲ್ಲಿ ಮಂಡಿ ಮಡಚಿ ತುರುಕಿಕೊಂಡು ಕೂತಿದ್ದರು. ಸಾರಾಂಶ ಬೋರ್ಡಿನ ಮುಂದೆ ಇಂಗು ತಿಂದ ಮಂಗನಂತೆ ನಿಂತಿದ್ದಳು. ಬೇಕಾದರೆ ಜಾಣತನ ಮಾಡಬಹುದಿತ್ತು. ಇದು ಹಾಸ್ಯ ಪ್ರಬಂಧ, ನನಗೆ ಮೊದಲೇ ಗೊತ್ತಿತ್ತು, ಬರೆಯುವಾಗ ಕೈತಪ್ಪಿತು ಎನ್ನಬಹುದಿತ್ತು. ಆ ಮಾತನ್ನು ಭಾನುವಾರವೆಲ್ಲ ಹತ್ತು ಸಲ ಹೇಳಿ ನೋಡಿದ್ದಳು. ಹೇಳಿದಾಗಲೆಲ್ಲ ಅದು ಅಜ್ಜನ ಗೆದ್ದಲಿನ ಹಾಗೇ ಕೇಳಿಸಿತ್ತು.

ಅವಳು ದಪ್ಪ ದನಿ ತೆಗೆದಳು.

"ನಮ್ಮ ಕ್ಲಾಸಿನಲ್ಲಿ ನನ್ನಷ್ಟು ಚೆನ್ನಾಗಿ ಪಾಠ ಅರ್ಥ ಮಾಡಿಕೊಳ್ಳುವವರು ಇನ್ನೊಬ್ಬರಿಲ್ಲ. ಹನ್ನೊಂದು ನೋಟ್‌ಬುಕ್ಕುಗಳೇ ಇದಕ್ಕೆ ಸಾಕ್ಷಿ."

ಎಲ್ಲರೂ ಮಿಕಿಮಿಕಿ ನೋಡಿದರು. ಅವಳ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ.

"ನಾನು ಯಾವ ಪಾಠವನ್ನೂ ಎರಡು ಸಲ ಓದದೆ ಬಿಡುವುದಿಲ್ಲ. ಎರಡು ಸಲವೂ ಅರ್ಥವಾಗುವುದಿಲ್ಲ. ಜಗಳ ಬೇಡವೆಂದು ‘ನಾವೂ ಅವರಂತೆ’ ಎಂದು ಬರೆದುಬಿಡುತ್ತೇನೆ."

ಎರಡನೆಯ ಬೆಂಚಿನಿಂದ ಬುಸ್ ಎಂದು ಸದ್ದು ಬಂತು. ಮೇಷ್ಟ್ರು! ಮೀಸೆ, ಹೊಟ್ಟೆ, ಬೆಂಚು ಎಲ್ಲ ಅಲುಗುತ್ತಿದ್ದವು. ಆಮೇಲೆ ಇಡೀ ಕ್ಲಾಸು ನಕ್ಕಿತು. ತನ್ನನ್ನು ನೋಡಿಯೇ ನಗುತ್ತಿದ್ದಾರೆ, ಆದರೂ ಹೆದರಿದಷ್ಟು ನೋಯುತ್ತಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಪುಸ್ತಕ ತೆರೆದು ಪಾಠ ಓದಿದಳು. ಇಕ್ಕಳದ ಸಾಲಿಗೆ ಬರುವಷ್ಟರಲ್ಲಿ ಅವಳಿಗೇ ತಡೆಯಲಾಗದೆ, ಆ ಸಾಲನ್ನು ಮೂರು ಸಲ ಶುರು ಮಾಡಬೇಕಾಯಿತು.

"ಸರ್, ಆ ಉತ್ತರ ಹೊಡೆದು ಹಾಕಿ ಬೇರೆ ಬರೀಲಾ?" ಎಂದು ಕೊನೆಗೆ ಕೇಳಿದಳು.

"ಬೇಡಮ್ಮ, ಇರ್ಲಿ ಅದು," ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ತುಂಬಾ ತಮಾಷೆಯಾಗಿದೆ. ಕೆಳಗೆ ಇನ್ನೊಂದು ಬರಿ."

ಇಂಟರ್‌ವಲ್‌ನಲ್ಲಿ ರಬ್ಬರ್ ಅವಳನ್ನು ಮೆಟ್ಟಿಲ ಕೆಳಗೆ ಹಿಡಿದ. ಕೈಯಲ್ಲಿ ಪುಸ್ತಕ, ಪೆನ್ಸಿಲ್.

"ಎಲ್ಲೆಲ್ಲಿ ನಗಬೇಕು ಅಂತ ಗೆರೆ ಹಾಕ್ಕೊಡೇ."

"ನೀನು ನಕ್ಕೆಯಲ್ಲೋ ಕ್ಲಾಸಲ್ಲಿ?"

"ಎಲ್ಲಾರೂ ನಗ್ತಿದ್ರಲ್ಲ, ಅದಕ್ಕೆ ನಕ್ಕೆ," ಎಂದ ಅವನು ಸಣ್ಣ ದನಿಯಲ್ಲಿ. "ನಂಗೆ ಗೊತ್ತಾಗ್ಲಿಲ್ಲ."

ಸಾರಾಂಶ ಪೆನ್ಸಿಲ್ ತೆಗೆದುಕೊಂಡಳು. ಗೆರೆ ಎಳೆಯುವುದು ಅವಳಿಗೆ ಎಡಗೈ ಕೆಲಸ. ಮೊನೆಯನ್ನು ಕಾಗದದ ಮೇಲೆ ಇಟ್ಟಳು. ಇಟ್ಟವಳು ಎಳೆಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನಿಧಾನವಾಗಿ ಓದಿದಳು.

"ನನ್ನ ಹೆಬ್ಬೆರಳಿಗೆ ಮರಗೆಲಸವೆಂದರೆ ಪ್ರಾಣ. ಸುತ್ತಿಗೆ ಎಲ್ಲಿ ಬೀಳುತ್ತದೋ ಅಲ್ಲಿಗೆ ಅದು ಮೊದಲೇ ಓಡಿ ಹೋಗಿ ಕಾಯುತ್ತಿರುತ್ತದೆ."

"ಹೆಬ್ಬೆರಳು ಓಡುತ್ತಾ?" ಎಂದ ರಬ್ಬರ್.

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬೇಕಾದರೆ ಮೂರು ಸಾಲಿನಲ್ಲಿ ಹೇಳಿಬಿಡಬಹುದಿತ್ತು. ಅವಳು ತುಟಿ ಕಚ್ಚಿಕೊಂಡಳು.

"ಮುಂದಕ್ಕೆ ಓದ್ಲಾ?"

"ತಾಳು, ತಾಳು."

ಬೆಲ್ ಹೊಡೆಯಿತು. ಮಕ್ಕಳೆಲ್ಲ ಧಡಧಡ ಮೆಟ್ಟಿಲು ಹತ್ತಿದರು. ರಬ್ಬರ್ ಏಳಲಿಲ್ಲ. ತನ್ನ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಬಾಯಿಯ ಒಂದು ಅಂಚು ಮೆಲ್ಲಗೆ ಮೇಲಕ್ಕೆ ಹೋಗತೊಡಗಿತು.

ಸಾರಾಂಶ ಅವನ ಮುಖವನ್ನೇ ನೋಡುತ್ತಾ ಕೂತಳು.