ಹದಿನಾಲ್ಕು ಅಡಿಯ ದೋಷ

ವನಜಕ್ಕ ಸೂಜಿಯನ್ನು ಕಣ್ಣೆದುರು ಹಿಡಿದ ಕೂಡಲೇ ಕನ್ನಡಕದ ಗಾಜು ಮೆಲ್ಲಗೆ ಉಬ್ಬಿತು. ನಿಜ ಹೇಳಬೇಕೆಂದರೆ ಅದು ಗಾಜಲ್ಲ. ಎರಡು ತೆಳುಪೊರೆಗಳ ನಡುವೆ ತುಂಬಿದ ಒಂದು ತೊಟ್ಟು ದ್ರವ. ನೋಟ ಎಷ್ಟು ದೂರದಲ್ಲಿದೆ ಎಂಬುದನ್ನು ಕನ್ನಡಕದ ಕಡ್ಡಿಯೊಳಗಿನ ಪುಟ್ಟ ಯಂತ್ರ ಅಳೆಯುತ್ತದೆ, ದ್ರವ ಅದಕ್ಕೆ ತಕ್ಕಂತೆ ಮೈ ಬದಲಿಸುತ್ತದೆ. ಹೊಟ್ಟೆ ಉಬ್ಬಿಸಿಕೊಂಡರೆ ಅದು ಪೀನ ಮಸೂರ, ಬೆಳಕಿನ ಕಿರಣಗಳನ್ನು ಒಳಕ್ಕೆ ಬಾಗಿಸಿ ಒಂದೆಡೆ ಕೂಡಿಸುತ್ತದೆ. ಹೊಟ್ಟೆ ಒಳಕ್ಕೆಳೆದುಕೊಂಡರೆ ನಿಮ್ನ ಮಸೂರ, ಅದೇ ಕಿರಣಗಳನ್ನು ಹರಡುತ್ತದೆ.

ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣನ್ನು ಹೊಕ್ಕಿತು. ಯಾರನ್ನೂ ಕರೆಯಬೇಕಾಗಲಿಲ್ಲ.

ಮೊದಲು ಕರೆಯುತ್ತಿದ್ದಳು. ಧಾರವಾಡದ ಆ ಇಕ್ಕಟ್ಟು ಓಣಿಯಲ್ಲಿ ಎದುರುಮನೆ ಪ್ರಮೀಳಾಳದು. ವಯಸ್ಸಾದ ಮೇಲೆ ವನಜಕ್ಕನ ಕಣ್ಣಿಗೆ ಹತ್ತಿರದ್ದು ಮಸುಕಾಯಿತು. ಸೂಜಿಯ ಬಿಂಬ ಕಣ್ಣಿನ ಪರದೆಯ ಮೇಲೆ ಬೀಳದೆ ಅದರ ಹಿಂದಕ್ಕೆ ಜಾರುತ್ತಿತ್ತು. ಪ್ರಮೀಳಾಳದು ತಿರುಗಾಮುರುಗಾ. ದೂರದ್ದರ ಬಿಂಬ ಪರದೆಗಿಂತ ಮುಂಚೆಯೇ ಮೂಡಿಬಿಡುತ್ತಿತ್ತು, ಆದರೆ ಗೇಣು ದೂರದ್ದು ಬರಿಗಣ್ಣಿಗೂ ನಿಚ್ಚಳ. ಹೀಗಾಗಿ ಪ್ರಮೀಳಾ ಸೂಜಿ ಪೋಣಿಸಿ ಕೊಡುವುದು, ವನಜಕ್ಕ ಬರುವ ಬಸ್ಸಿನ ಬೋರ್ಡು ಓದಿ ಹೇಳುವುದು. ಎರಡು ಮನೆಗಳ ನಡುವೆ ನಾಲ್ಕು ಕಣ್ಣು ಓಡಾಡಿಕೊಂಡಿದ್ದವು.

ಓಣಿಗೆಲ್ಲ ಮೊದಲು ದ್ರವದ ಕನ್ನಡಕ ಬಂದದ್ದು ವನಜಕ್ಕನಿಗೆ. ಆ ದಿನ ಸಂಭ್ರಮದಲ್ಲಿ, "ಇನ್ನ ಮ್ಯಾಲೆ ನಿನಗ ತ್ರಾಸ ಕೊಡೂದಿಲ್ಲ ನೋಡವಾ," ಅಂದಿದ್ದಳು. ಒಳ್ಳೆಯದಕ್ಕೇ ಅಂದದ್ದು. ಪ್ರಮೀಳಾ, "ಛೊಲೋ ಆತು ಬಿಡು," ಅಂದು ಒಳಗೆ ಹೋದವಳು ತಿಂಗಳೊಳಗೆ ತಾನೂ ಒಂದು ಕನ್ನಡಕ ತರಿಸಿಕೊಂಡಳು. ಆಮೇಲೆ ಬರಲಿಲ್ಲ. ಕೆಲಸವಿಲ್ಲದೆ ಇನ್ನೊಬ್ಬರ ಮನೆಗೆ ಹೇಗೆ ಹೋಗುವುದೆಂದು ವನಜಕ್ಕನೂ ಕೂತಳು. ಏಳು ತಿಂಗಳಾಯಿತು.

ಅವಳು ಹೀಗೆ ದಾರ ಪೋಣಿಸಿ ಕೂತ ಬೆಳಿಗ್ಗೆ, ಕನ್ನಡಕ ಕಂಡುಹಿಡಿದ ತಂಡದ ವಿಜ್ಞಾನಿ ಅನ್ವಿತಾ ಪತ್ತಾರ ತಾನೇ ಹುಡುಕಿಕೊಂಡು ಬಂದಳು.

"ದೋಷ ನಮ್ಮ ದ್ರವದ್ದಽ ಇರಬೇಕ್ರೀ ಅಮ್ಮಾರ. ನಿಮ್ಮ ಕನ್ನಡಕ ನಮಗ ಕಳಸೋ ಲೆಕ್ಕದಾಗ ಅದು ದಿನಾ ನಾಕುನೂರು ಸಲ ಒಂದಽ ದೂರಕ್ಕ ಹೋಗಿ ಬರ್ಲಿಕ್ಕತ್ತದ. ಹದಿನಾಲ್ಕು ಅಡಿ."

"ನಾ ಏನೂ ಮಾಡಿಲ್ಲವಾ. ಕೂತು ಹೊಲೀತೀನಿ, ಅಷ್ಟಽ."

ಅನ್ವಿತಾ ಅವಳ ಮಡಿಲಲ್ಲಿದ್ದ ಇಳಕಲ್ ಸೀರೆಯ ಸೆರಗನ್ನು ನೋಡಿದಳು. ಕಸೂತಿಯ ಆನೆ ಅರ್ಧಕ್ಕೆ ನಿಂತಿತ್ತು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಬೇಕು. ಒಂದು ಎಳೆ ತಪ್ಪಿದರೂ ದಾರಿ ಕೂಡುವುದಿಲ್ಲ.

"ಸೊಂಡಿ ಮೂರು ಸಲ ಬಿಚ್ಚೀನಿ," ವನಜಕ್ಕ ನಾಚಿ ಹೇಳಿದಳು. "ಇಷ್ಟು ಛಂದ ಕಾಣಸ್ತದ, ಆದ್ರೂ ಎಣಿಕಿ ತಪ್ಪತದ. ಹೆಜ್ಜಿ ಸಪ್ಪಳಾದ್ರ ಸಾಕು, ತಲಿ ಎತ್ತತೀನಿ."

ಅನ್ವಿತಾ ಅಳತೆಪಟ್ಟಿ ಬಿಚ್ಚಿದಳು. ವನಜಕ್ಕನ ಮಣೆಯಿಂದ ಹೊಸ್ತಿಲು, ಕಟ್ಟೆ, ಓಣಿ. ಹದಿನಾಲ್ಕನೆಯ ಅಡಿಗೆ ಪಟ್ಟಿಯ ತುದಿ ಎದುರುಮನೆಯ ಮುಚ್ಚಿದ ನೀಲಿ ಬಾಗಿಲಿಗೆ ತಾಗಿತು. ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತಳು.

ತಿರುಗಿ ಬಂದು, "ಇಂಥಾ ದೋಷ ಸಾವಿರದ ಮ್ಯಾಲೆ ಬಂದಾವ್ರೀ," ಅಂದಳು. "ಒಬ್ಬರದು ಒಂಬತ್ತಡಿ, ಒಬ್ಬರದು ಮೂವತ್ತು. ನಾವು ಲ್ಯಾಬಿನ್ಯಾಗಽ ಕೂತು ದ್ರವ ಬದಲಿಸಿ ಕಳಸ್ತಿದ್ವಿ. ಯಾರೂ ಹೋಗಿ ಅಳದು ನೋಡಿರ್ಲಿಲ್ಲ." ಮತ್ತೆ ದನಿ ತಗ್ಗಿಸಿ, "ಬೇಕಂದ್ರ ಹತ್ತರದ್ದಷ್ಟಽ ಕಾಣೋ ಹಂಗ ಮಾಡಿ ಕೊಡ್ತೀನಿ. ಆ ಬಾಗಲಾ ಮಬ್ಬಾಗ್ತದ. ಎಣಿಕಿ ತಪ್ಪೂದಿಲ್ಲ."

ವನಜಕ್ಕ ಆನೆಯ ಅರ್ಧ ಸೊಂಡಿಲಿನ ಮೇಲೆ ಬೆರಳಾಡಿಸಿದಳು. ಬಾಗಿಲು ಮಬ್ಬಾದರೆ ಸೀರೆ ಮುಗಿಯುತ್ತದೆ. ಅದರ ಹಿಂದೆ ಇನ್ನೊಂದು ಸೀರೆ, ಮತ್ತೊಂದು. ತಲೆ ಎತ್ತುವ ಕಾರಣವೇ ಇರುವುದಿಲ್ಲ.

ಕನ್ನಡಕ ತೆಗೆದು ಅನ್ವಿತಾಳ ಅಂಗೈಯಲ್ಲಿಟ್ಟಳು. "ಎಂಟು ದಿನ ನಿನ್ನ ಹತ್ರನಽ ಇಟಗೊ."

"ಇದಕ್ಕ ಏನೂ ಆಗಿಲ್ಲರೀ."

"ಗೊತ್ತದ. ಇಟಗೊ."

ಅವಳು ಹೋದ ಮೇಲೆ ವನಜಕ್ಕ ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ಕೆಂಪು ರೇಷ್ಮೆ ಎಳೆ ಹಿಡಿದು ಓಣಿ ದಾಟಿದಳು. ಹದಿನಾಲ್ಕು ಅಡಿ ಬಹಳ ಉದ್ದವಾಗಿತ್ತು. ಬಾಗಿಲು ತಟ್ಟಿದಳು.

ಪ್ರಮೀಳಾ ತೆರೆದಳು. ಕೈಯಲ್ಲಿದ್ದ ಸೂಜಿ ನೋಡಿದಳು, ಇವಳ ಬರಿ ಮುಖ ನೋಡಿದಳು. "ಏನಽ, ಯಂತ್ರ ಕೆಟ್ಟಿತೇನು?"

"ಕೆಟ್ಟದವಾ. ಎಂಟು ದಿನ ಬರೂದಿಲ್ಲಂತ."

ಪ್ರಮೀಳಾ ತನ್ನ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಸೂಜಿಯನ್ನು ಗೇಣು ದೂರಕ್ಕೆ ತಂದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದಳು. ಆದರೆ ಸೂಜಿಯನ್ನು ತಕ್ಷಣ ಮರಳಿ ಕೊಡಲಿಲ್ಲ.

"ಎಂಟಽ ದಿನ?" ಅಂದಳು.

ಆ ಕನ್ನಡಕ ಇನ್ನೂ ಹುಟ್ಟಿಲ್ಲ. ಹುಟ್ಟಲು ಇನ್ನೂ ಕೆಲವು ದಶಕಗಳಿವೆ. ಇವತ್ತಿನ ಓಣಿಗಳಲ್ಲಿ ಸೂಜಿ ಹಿಡಿದು ಎದುರುಮನೆಯ ಬಾಗಿಲು ತಟ್ಟುವವರು ಇನ್ನೂ ಇದ್ದಾರೆ. ಅವರು ಬಂದದ್ದು ದಾರಕ್ಕಾಗಿ ಮಾತ್ರ ಎಂದು ತಿಳಿದು ಬೇಗ ಕಳಿಸಿಬಿಡಬಾರದು.